ಪೈಪು, ಚೀಲ ಮತ್ತು ನಮಾಝ್: ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಯ ಮನೆ ಆರೈಕೆ

ರೋಗಿಗಳನ್ನು ಸಂದರ್ಶಿಸುವುದು ಮುಸ್ಲಿಮನ ಮೇಲಿರುವ ಹಕ್ಕುಗಳಲ್ಲಿ ಒಂದು ಎಂಬ ವಿಷಯದ ಖುತ್ಬಾ ಸಾರಾಂಶವನ್ನು ಓದುಗರು ಈ ಪತ್ರಿಕೆಯಲ್ಲಿ ಹಲವು ಸಲ ಓದಿದ್ದಾರೆ. ಅದರ ಮುಂದುವರಿದ ಭಾಗವೆಂದು ಈ ಲೇಖನವನ್ನು ತಿಳಿಯಬಹುದು. ನಾವು ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ಭಾಗದಲ್ಲಿ ಶುಶ್ರೂಷೆಯ ಕೆಲಸ ಮಾಡುವ ಕೆಲವರು. ಜುಮಾ ಮುಗಿಸಿ ಹೊರಬರುವಾಗ ನಮ್ಮನ್ನು ಬದಿಗೆ ಕರೆದು, ಸುತ್ತ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, ಹಿರಿಯರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ‘ಮೂತ್ರದ ಪೈಪು ಹಾಕಿದ್ದಾರೆ, ಇನ್ನು ನಾನು ಮಸೀದಿಗೆ ಬರಬಹುದೋ ಇಲ್ಲವೋ?’ ಕೆಲವರು ಈ ಪ್ರಶ್ನೆಯನ್ನೂ ಕೇಳುವುದಿಲ್ಲ. ಸುಮ್ಮನೆ ಬರುವುದನ್ನು ನಿಲ್ಲಿಸಿಬಿಡುತ್ತಾರೆ. ಮೊದಲು ಮಸೀದಿ, ನಂತರ ಅಂಗಡಿ ಕಟ್ಟೆ, ಆಮೇಲೆ ಆಸ್ಪತ್ರೆ. ಹೀಗೆ ಒಂದೊಂದನ್ನೇ ಬಿಡುತ್ತ ಹೋಗುವ ಮನುಷ್ಯ ಚಿಕಿತ್ಸೆಯಿಂದಲೂ ದೂರವಾಗುತ್ತಾನೆ. ನಮಗೆ ಆತಂಕವಿರುವುದು ಇದರ ಬಗ್ಗೆಯೇ.

ಪ್ರಾಸ್ಟೇಟ್ ಎಂಬುದು ಗಂಡಸರಲ್ಲಿ ಮಾತ್ರ ಇರುವ ಒಂದು ಗ್ರಂಥಿ. ಅಖರೋಟ್ ಕಾಯಿಯಷ್ಟು ಗಾತ್ರ. ಮೂತ್ರಚೀಲದ ಕೆಳಗೆ, ಗುದದ್ವಾರದ ಮುಂದೆ ಇರುತ್ತದೆ. ಮೂತ್ರದ ನಾಳ ಅದರ ನಡುವೆಯೇ ಹಾದು ಹೋಗುತ್ತದೆ. ವಯಸ್ಸಾದಂತೆ ಬಹುತೇಕ ಗಂಡಸರಲ್ಲಿ ಇದು ದಪ್ಪಗಾಗುತ್ತದೆ, ನಾಳವನ್ನು ಒತ್ತುತ್ತದೆ. ರಾತ್ರಿ ಮೂರು-ನಾಲ್ಕು ಸಲ ಏಳುವುದು, ಧಾರೆ ಸಣ್ಣಗಾಗುವುದು, ಶುರುವಾಗಲು ಹೊತ್ತು ಹಿಡಿಯುವುದು, ಮುಗಿದ ಮೇಲೂ ಹನಿ ಹನಿ ಬೀಳುವುದು ಇದರಿಂದಲೇ. ಹೀಗೆ ದಪ್ಪಗಾಗುವುದೆಲ್ಲ ಕ್ಯಾನ್ಸರ್ ಅಲ್ಲ. ಹೆಚ್ಚಿನವರದು ಸಾಮಾನ್ಯ ಊತ, ಮಾತ್ರೆಯಿಂದ ಹತೋಟಿಗೆ ಬರುತ್ತದೆ. ಆದರೆ ಕ್ಯಾನ್ಸರ್ ಇದ್ದರೂ ಇದೇ ಲಕ್ಷಣ ಇರಬಹುದು, ಅಥವಾ ಆರಂಭದಲ್ಲಿ ಯಾವ ಲಕ್ಷಣವೂ ಇಲ್ಲದಿರಬಹುದು. ಆದ್ದರಿಂದ ‘ವಯಸ್ಸಾಯಿತು, ಅದಕ್ಕೇ ಹೀಗೆ’ ಎಂದು ನಾವು ನಾವೇ ತೀರ್ಪು ಕೊಟ್ಟುಕೊಳ್ಳುವಂತಿಲ್ಲ. ಮೂತ್ರದಲ್ಲಿ ರಕ್ತ ಕಂಡರೆ, ಸೊಂಟದ ಮೂಳೆ ಅಥವಾ ಬೆನ್ನುಮೂಳೆಯಲ್ಲಿ ಮಲಗಿದರೂ ಬಿಡದ ನೋವಿದ್ದರೆ ತಡಮಾಡಬಾರದು. ಬನಹಟ್ಟಿಯ ಮಗ್ಗದ ಮುಂದೆ ದಿನವಿಡೀ ನಿಂತವರು, ಮುಧೋಳದ ಕಡೆ ಕಬ್ಬು ಕಡಿದು ಹೊತ್ತವರು ಬೆನ್ನುನೋವನ್ನು ಕೆಲಸದ ನೋವೆಂದೇ ತಿಳಿದು ತಿಂಗಳುಗಟ್ಟಲೆ ಮುಲಾಮು ಹಚ್ಚಿಕೊಂಡು ಕೂರುವುದನ್ನು ನಾವು ನೋಡಿದ್ದೇವೆ.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡೋಣ. ಇದು ‘ಗುಪ್ತರೋಗ’ ಅಲ್ಲ. ನಡತೆಯಿಂದ ಬರುವ ರೋಗವಲ್ಲ. ಹೆಂಡತಿಯಿಂದ ಬಂದದ್ದೂ ಅಲ್ಲ, ಹೆಂಡತಿಗೆ ಹರಡುವುದೂ ಇಲ್ಲ. ಒಂದೇ ತಟ್ಟೆಯಲ್ಲಿ ಉಂಡರೆ, ಮೊಮ್ಮಗನನ್ನು ಪಕ್ಕದಲ್ಲಿ ಮಲಗಿಸಿಕೊಂಡರೆ ಯಾರಿಗೂ ಅಂಟುವುದಿಲ್ಲ. ಮುಖ್ಯ ಕಾರಣ ವಯಸ್ಸು. ತಂದೆಗೆ ಅಥವಾ ಅಣ್ಣತಮ್ಮಂದಿರಿಗೆ ಬಂದಿದ್ದರೆ ಸಾಧ್ಯತೆ ಹೆಚ್ಚು. ಕಿದ್ವಾಯಿ ಸಂಸ್ಥೆಯಲ್ಲಿ 1980ರ ದಶಕದ ಆರಂಭದಿಂದ ನಡೆದಿರುವ ಬೆಂಗಳೂರಿನ ಕ್ಯಾನ್ಸರ್ ನೋಂದಣಿಯಲ್ಲಿ ಗಂಡಸರ ಕ್ಯಾನ್ಸರ್‌ಗಳ ಪೈಕಿ ಪ್ರಾಸ್ಟೇಟ್ ಈಗ ಮುಂಚೂಣಿಯಲ್ಲಿದೆ. ನಮ್ಮ ಜನರ ಆಯುಸ್ಸು ಹೆಚ್ಚಿದಂತೆ ನಮ್ಮ ತಾಲ್ಲೂಕುಗಳಲ್ಲೂ ಇದು ಹೆಚ್ಚು ಕಾಣಿಸುತ್ತದೆ, ಅದರಲ್ಲಿ ಅಚ್ಚರಿಯಿಲ್ಲ.

ಪರೀಕ್ಷೆಯ ಮೊದಲ ಹೆಜ್ಜೆ ಪಿಎಸ್‌ಎ ಎಂಬ ರಕ್ತಪರೀಕ್ಷೆ ಮತ್ತು ವೈದ್ಯರು ಗುದದ್ವಾರದ ಮೂಲಕ ಬೆರಳಿನಿಂದ ಮಾಡುವ ತಪಾಸಣೆ. ಎರಡನೆಯದಕ್ಕೆ ನಮ್ಮ ಹಿರಿಯರು ಒಪ್ಪುವುದೇ ಕಷ್ಟ. ಸತ್ರ್ ಕಾಪಾಡಬೇಕೆಂಬ ಅವರ ಕಾಳಜಿ ಸರಿಯಾದದ್ದೇ. ಆದರೆ ಚಿಕಿತ್ಸೆಯ ಅಗತ್ಯವಿದ್ದಾಗ, ಅಗತ್ಯವಿದ್ದಷ್ಟೇ ಭಾಗವನ್ನು ವೈದ್ಯರಿಗೆ ತೋರಿಸಲು ಉಲಮಾಗಳು ಅನುಮತಿ ಕೊಟ್ಟಿದ್ದಾರೆ. ಪರದೆ ಎಳೆಯಲು ಹೇಳಿ, ಚಾದರ ಹೊದಿಸಲು ಹೇಳಿ, ಪುರುಷ ವೈದ್ಯರು ಅಥವಾ ಪುರುಷ ನರ್ಸ್ ಇದ್ದರೆ ಅವರೇ ಬರಲಿ ಎಂದು ಕೇಳಿ. ಕೇಳಲು ಸಂಕೋಚ ಬೇಡ, ಅದು ರೋಗಿಯ ಹಕ್ಕು. ಇಲ್ಲದಿದ್ದರೆ ಪರೀಕ್ಷೆ ಬಿಟ್ಟು ಮನೆಗೆ ಬರುವುದು ಬೇಡ.

ಪಿಎಸ್‌ಎ ಅಂಕಿ 4 ದಾಟಿದ ಕೂಡಲೇ ಕ್ಯಾನ್ಸರ್ ಎಂದು ಮನೆಯಲ್ಲಿ ಅಳು ಶುರುವಾಗುತ್ತದೆ. ಹಾಗಲ್ಲ. ಸಾಮಾನ್ಯ ಊತದಿಂದಲೂ, ಮೂತ್ರದ ಸೋಂಕಿನಿಂದಲೂ ಅದು ಏರುತ್ತದೆ. ಸೋಂಕು ವಾಸಿಯಾಗಿ ಸುಮಾರು ಆರು ವಾರ ಆದ ಮೇಲೆ ಪರೀಕ್ಷಿಸಿದರೆ ಸರಿಯಾದ ಅಂಕಿ ಸಿಗುತ್ತದೆ. ಪರೀಕ್ಷೆಗೆ ಮೊದಲಿನ ಎರಡು ದಿನ ದಾಂಪತ್ಯ ಸಂಪರ್ಕ ಮತ್ತು ದೂರದ ಸೈಕಲ್ ಸವಾರಿ ಬೇಡ. ಊತಕ್ಕೆಂದು ಫಿನಾಸ್ಟರೈಡ್ ಅಥವಾ ಡುಟಾಸ್ಟರೈಡ್ ಮಾತ್ರೆ ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತಿರುವವರಲ್ಲಿ ಈ ಅಂಕಿ ಅರ್ಧದಷ್ಟು ಕಡಿಮೆ ತೋರಿಸುತ್ತದೆ. ಮಾತ್ರೆಯ ಖಾಲಿ ಪಟ್ಟಿಯನ್ನಾದರೂ ಜೇಬಿನಲ್ಲಿಟ್ಟುಕೊಂಡು ಹೋಗಿ ವೈದ್ಯರಿಗೆ ತೋರಿಸಿ. 50 ದಾಟಿದವರು, ಮನೆತನದಲ್ಲಿ ಈ ರೋಗವಿದ್ದರೆ 45ರಿಂದಲೇ, ಈ ಪರೀಕ್ಷೆ ತಮಗೆ ಬೇಕೇ ಎಂದು ವೈದ್ಯರೊಂದಿಗೆ ಮಾತಾಡುವುದು ಒಳ್ಳೆಯದು.

ಅನುಮಾನ ಬಲವಾದರೆ ಬಯಾಪ್ಸಿ. ಸೂಜಿಯಿಂದ ಗ್ರಂಥಿಯ ಹತ್ತು-ಹನ್ನೆರಡು ಕಡೆಯಿಂದ ಸಣ್ಣ ತುಣುಕು ತೆಗೆಯುತ್ತಾರೆ. ‘ಸೂಜಿ ಚುಚ್ಚಿದರೆ, ಚಾಕು ತಾಗಿದರೆ ಗಡ್ಡೆ ಮೈಯೆಲ್ಲ ಹಬ್ಬುತ್ತದೆ’ ಎಂಬ ಮಾತು ನಮ್ಮ ಕಡೆ ಎಷ್ಟು ಗಟ್ಟಿಯಾಗಿದೆ ಎಂದರೆ, ಓದಿದ ಮಕ್ಕಳೂ ಅದನ್ನೇ ಹೇಳಿ ತಂದೆಯನ್ನು ಹಿಂದಕ್ಕೆ ಕರೆದೊಯ್ಯುತ್ತಾರೆ. ಬಯಾಪ್ಸಿಯಿಂದ ಈ ರೋಗ ಹಬ್ಬುವುದಿಲ್ಲ. ಬಯಾಪ್ಸಿ ಮಾಡಿಸದೆ ಕಳೆದ ತಿಂಗಳುಗಳಲ್ಲಿ ಹಬ್ಬುತ್ತದೆ. ಬಯಾಪ್ಸಿಯ ನಂತರ ಕೆಲವು ದಿನ ಮೂತ್ರದಲ್ಲಿ, ಮಲದಲ್ಲಿ ಸ್ವಲ್ಪ ರಕ್ತ, ಕೆಲವು ವಾರ ವೀರ್ಯದಲ್ಲಿ ಕಂದು ಬಣ್ಣ ಕಾಣಬಹುದು. ಗಾಬರಿ ಬೇಡ. ಆದರೆ ಚಳಿಜ್ವರ ಬಂದರೆ ಅದು ತುರ್ತು. ಬೆಳಗಾಗಲಿ ಎಂದು ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವ ಹೃದ್ರೋಗಿಗಳು ಅದನ್ನು ಮೊದಲೇ ತಿಳಿಸಬೇಕು, ಆದರೆ ತಾವಾಗಿಯೇ ನಿಲ್ಲಿಸಬಾರದು.

ಚಿಕಿತ್ಸೆಗೆ ನಮ್ಮವರು ಹೆಚ್ಚಾಗಿ ಹೋಗುವುದು ಬಾಗಲಕೋಟೆ, ವಿಜಯಪುರ, ಬೆಳಗಾವಿ, ಮಿರಜ್, ಇಲ್ಲವೇ ಹುಬ್ಬಳ್ಳಿ ನವನಗರದ ಕರ್ನಾಟಕ ಕ್ಯಾನ್ಸರ್ ಚಿಕಿತ್ಸೆ ಮತ್ತು ಸಂಶೋಧನಾ ಸಂಸ್ಥೆಗೆ. ಕೆಲವರು ಬೆಂಗಳೂರಿನ ಕಿದ್ವಾಯಿಗೂ ಹೋಗುತ್ತಾರೆ. (ಆ ಸಂಸ್ಥೆಗೆ ಇರುವುದು ಸ್ವಾತಂತ್ರ್ಯ ಹೋರಾಟಗಾರ, ಕೇಂದ್ರ ಸಚಿವರಾಗಿದ್ದ ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರು.) ಹೊರಡುವ ಮೊದಲು ಒಂದು ಕೆಲಸ ಮಾಡಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇಕಡಾ 30 ಭಾಗ, ವರ್ಷಕ್ಕೆ 1.5 ಲಕ್ಷದವರೆಗೆ ಸಿಗುತ್ತದೆ. ತುರ್ತು ಇಲ್ಲದ ಪ್ರಕರಣಗಳಲ್ಲಿ ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಕೇಳುತ್ತಾರೆ. ರೇಷನ್ ಕಾರ್ಡ್, ಆಧಾರ್ ಹಿಡಿದು ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಿ ಆ ಪತ್ರ ಪಡೆದು ಮುಂದೆ ಹೋದರೆ, ಹೊಲ ಅಡವಿಡುವ ಪ್ರಸಂಗ ಬರುವುದಿಲ್ಲ. ನೇರವಾಗಿ ದೊಡ್ಡ ಊರಿಗೆ ಹೋಗಿ ಕೈಯಿಂದ ಹಣ ಕಟ್ಟಿ, ಆಮೇಲೆ ಕಾರ್ಡ್ ನೆನಪಾದರೆ ಉಪಯೋಗವಿಲ್ಲ.

ಯಾವ ಚಿಕಿತ್ಸೆ ಎಂಬುದು ರೋಗದ ಹಂತದ ಮೇಲೆ, ವಯಸ್ಸಿನ ಮೇಲೆ ನಿಂತಿದೆ. ಗ್ರಂಥಿಯೊಳಗೇ ಇದ್ದರೆ ಶಸ್ತ್ರಚಿಕಿತ್ಸೆ ಅಥವಾ ವಿಕಿರಣ. ಬಹಳ ನಿಧಾನದ ರೋಗವಾದರೆ ಏನೂ ಮಾಡದೆ ಕಾಲಕಾಲಕ್ಕೆ ಪರೀಕ್ಷಿಸುತ್ತ ಇರುವುದೂ ಒಂದು ಒಪ್ಪಿತ ಕ್ರಮ. ‘ಡಾಕ್ಟರು ಕೈಬಿಟ್ಟರು’ ಎಂದು ಅದನ್ನು ತಿಳಿಯಬಾರದು. ಮೂಳೆಗೆ ಹಬ್ಬಿದ್ದರೆ ಹಾರ್ಮೋನ್ ಚಿಕಿತ್ಸೆ.

ಪೈಪಿನ ಆರೈಕೆ

ಶಸ್ತ್ರಚಿಕಿತ್ಸೆಯ ನಂತರ ರೋಗಿ ಮನೆಗೆ ಬರುವಾಗ ಮೂತ್ರದ ಪೈಪು ಇದ್ದೇ ಇರುತ್ತದೆ, ಸಾಮಾನ್ಯವಾಗಿ ಒಂದರಿಂದ ಎರಡು ವಾರ. ಮೂತ್ರ ಕಟ್ಟಿದವರಿಗೆ ಇನ್ನೂ ಹೆಚ್ಚು ಕಾಲ. ಸುಮಾರು ಸಾವಿರ ವರ್ಷಗಳ ಹಿಂದೆ ಕಾರ್ಡೋವಾದ ವೈದ್ಯ ಅಲ್‌ಝಹ್ರಾವಿ ಬೆಳ್ಳಿಯ ಮೂತ್ರನಳಿಕೆಯನ್ನು ತಮ್ಮ ಗ್ರಂಥದಲ್ಲಿ ವರ್ಣಿಸಿದ್ದರು. ಇಂದಿನದು ಮೆತ್ತನೆಯ ರಬ್ಬರ್ ಅಥವಾ ಸಿಲಿಕೋನ್. ಒಳಗೆ ನೀರು ತುಂಬಿದ ಸಣ್ಣ ಬಲೂನು ಅದನ್ನು ಹಿಡಿದಿಟ್ಟಿರುತ್ತದೆ. ಈ ಬಲೂನಿನ ವಿಷಯ ಮನೆಯವರೆಲ್ಲರಿಗೂ ಗೊತ್ತಿರಬೇಕು. ನಿದ್ದೆಗಣ್ಣಿನಲ್ಲಿ ಅಥವಾ ಸಿಟ್ಟಿನಲ್ಲಿ ಪೈಪು ಎಳೆದರೆ ಬಲೂನಿನ ಸಮೇತ ಬಂದು ಒಳಗೆ ಹರಿದು ರಕ್ತ ಬರುತ್ತದೆ.

ಚೀಲ ಯಾವಾಗಲೂ ಮೂತ್ರಚೀಲಕ್ಕಿಂತ ಕೆಳಗಿರಬೇಕು. ಇದು ಮೊದಲ ನಿಯಮ. ಬಸ್ಸು ಹತ್ತುವಾಗ ಮಗ ಚೀಲವನ್ನು ಮೇಲೆತ್ತಿ ಹಿಡಿಯುತ್ತಾನೆ, ಕಾಟಿನ ಮೇಲೆ ಮಲಗಿದಾಗ ಪಕ್ಕದಲ್ಲೇ ಹಾಸಿಗೆಯ ಮೇಲೆ ಇಡುತ್ತಾರೆ. ಎರಡೂ ತಪ್ಪು. ಹೊರಗೆ ಬಂದ ಮೂತ್ರ ಹಿಂದಕ್ಕೆ ಹರಿದರೆ ಸೋಂಕು ಒಳಗೆ ಹೋಗುತ್ತದೆ. ಹಾಗೆಂದು ನೆಲಕ್ಕೂ ತಾಗಬಾರದು. ಕಾಟಿನ ಪಟ್ಟಿಗೆ ತೂಗುಹಾಕಿ. ನೆಲದ ಹಾಸಿಗೆಯಾದರೆ ಸ್ವಚ್ಛವಾದ ಒಂದು ಪುಟ್ಟಿಯಲ್ಲಿ ಚೀಲವನ್ನಿಟ್ಟು, ರೋಗಿಯ ಕೆಳಗೆ ದಪ್ಪ ಗಾದಿ ಹಾಕಿ ಎತ್ತರ ಮಾಡಿ. ಪೈಪನ್ನು ತೊಡೆಗೆ ಪಟ್ಟಿಯಿಂದ ಅಂಟಿಸಿದರೆ ಎಳೆತ ಇರುವುದಿಲ್ಲ. ಮಡಚಿಕೊಳ್ಳದಂತೆ, ತೊಡೆಯ ಕೆಳಗೆ ಸಿಕ್ಕಿಕೊಳ್ಳದಂತೆ ನೋಡಿ.

ಚೀಲ ಮೂರರಲ್ಲಿ ಎರಡು ಭಾಗ ತುಂಬುವ ಮೊದಲೇ ಖಾಲಿ ಮಾಡಬೇಕು. ಕೈ ಸಾಬೂನಿನಿಂದ ತೊಳೆದು, ಕೆಳಗಿನ ತಿರುಪು ಬಿಚ್ಚಿ, ಅದಕ್ಕೆಂದೇ ಇಟ್ಟ ಮಗ್ಗಿಗೆ ಬಿಡಿ. ತಿರುಪಿನ ಬಾಯಿ ಮಗ್ಗಿಗೆ ತಾಗಬಾರದು. ಮತ್ತೆ ಕೈ ತೊಳೆಯಿರಿ. ಪೈಪು ಮತ್ತು ಚೀಲ ಕೂಡುವ ಜಾಗವನ್ನು ಆಗಾಗ ಬಿಚ್ಚಿ ನೋಡುವ ಚಟ ಕೆಲವರಿಗಿದೆ. ಅದನ್ನು ಮುಟ್ಟಲೇಬಾರದು. ಪೈಪು ಹೊರಬರುವ ಜಾಗವನ್ನು ದಿನಕ್ಕೆ ಎರಡು ಸಲ, ಮಲವಿಸರ್ಜನೆಯ ನಂತರ ಮತ್ತೊಮ್ಮೆ, ಸಾದಾ ಸಾಬೂನು ನೀರಿನಿಂದ ತೊಳೆಯಿರಿ. ಒರೆಸುವುದು ದೇಹದಿಂದ ಹೊರಮುಖವಾಗಿ. ಪೌಡರ್, ಅತ್ತರು, ಅರಿಶಿನ, ಡೆಟಾಲ್ ಯಾವುದೂ ಬೇಡ. ಇಸ್ತಿಂಜಾದಲ್ಲಿ ನೀರು ಬಳಸುವ ನಮ್ಮ ರೂಢಿ ಇಲ್ಲಿ ಒಳ್ಳೆಯದೇ. ಹಿಂದಿನ ನೀರು ಮುಂದಕ್ಕೆ ಬರದಂತೆ ಜಾಗ್ರತೆ ಇದ್ದರೆ ಸಾಕು. ಉಡುಪಿಗೆ ಲುಂಗಿಯೇ ಸೂಕ್ತ, ಬಿಗಿ ಇಲಾಸ್ಟಿಕ್ ಪೈಪನ್ನು ಒತ್ತುತ್ತದೆ. ಹೊರಗೆ ಹೋಗುವವರಿಗೆ ಕಾಲಿಗೆ ಕಟ್ಟುವ ಸಣ್ಣ ಚೀಲ ಸಿಗುತ್ತದೆ, ಪೈಜಾಮದೊಳಗೆ ಯಾರಿಗೂ ಕಾಣುವುದಿಲ್ಲ.

ವೈದ್ಯರು ನೀರು ಮಿತಿಗೊಳಿಸಿರದಿದ್ದರೆ ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಕುಡಿಯಬೇಕು. ನಮ್ಮ ಜಿಲ್ಲೆಯ ಬೇಸಿಗೆಯಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಮಜ್ಜಿಗೆ, ಗಂಜಿ, ಎಳನೀರು ಲೆಕ್ಕಕ್ಕೆ ಸೇರುತ್ತವೆ. ಕಡಕ್ ಚಹಾ ಮೂತ್ರಚೀಲವನ್ನು ಕೆಣಕುತ್ತದೆ. ‘ನೀರು ಕಡಿಮೆ ಕುಡಿದರೆ ಚೀಲ ಬೇಗ ತುಂಬುವುದಿಲ್ಲ’ ಎಂದು ಲೆಕ್ಕ ಹಾಕುವ ಅಜ್ಜಂದಿರೇ ನಾಲ್ಕು ದಿನದಲ್ಲಿ ಜ್ವರದಿಂದ ಮರಳಿ ಬರುತ್ತಾರೆ. ಮಲಬದ್ಧತೆಯಾಗಿ ತಿಣುಕಬಾರದು. ಜೋಳದ ರೊಟ್ಟಿ, ಸೊಪ್ಪು, ಪೇರು, ಬಾಳೆಹಣ್ಣು ತಿನ್ನಲಿ. ಆರು ವಾರ ನಾಲ್ಕೈದು ಕಿಲೋಗಿಂತ ಭಾರ ಎತ್ತಬಾರದು, ಎಂದರೆ ತುಂಬಿದ ಕೊಡವೂ ಬೇಡ, ನೂಲಿನ ಬೀಮೂ ಬೇಡ. ಬೈಕೂ ಸೈಕಲ್ಲೂ ಬೇಡ. ಆದರೆ ದಿನಕ್ಕೆ ನಾಲ್ಕೈದು ಸಲ ಅಂಗಳದಲ್ಲಿ ನಡೆಯಲೇಬೇಕು. ಮಲಗಿಯೇ ಇದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯವಿದೆ.

ನಾಲ್ಕು ತಾಸು ಕಳೆದರೂ ಚೀಲಕ್ಕೆ ಮೂತ್ರ ಬಾರದೆ ಕಿಬ್ಬೊಟ್ಟೆ ಉಬ್ಬಿದರೆ, ರಕ್ತದ ಗಡ್ಡೆಗಳು ಬಂದರೆ, ಚಳಿ ನಡುಕದ ಜ್ವರ ಬಂದರೆ, ಪೈಪು ತಾನಾಗಿ ಹೊರಬಂದರೆ, ಒಂದು ಕಾಲಿನ ಮೀನಖಂಡ ಊದಿ ನೋಯತೊಡಗಿದರೆ ತಕ್ಷಣ ಆಸ್ಪತ್ರೆ. ಶಸ್ತ್ರಚಿಕಿತ್ಸೆಯಾದ ಹೊಸದರಲ್ಲಿ ಜಾರಿಬಿದ್ದ ಪೈಪನ್ನು ಊರಿನ ಯಾರಿಂದಲೋ ಮತ್ತೆ ಹಾಕಿಸಬಾರದು, ಆಪರೇಷನ್ ಮಾಡಿದ ವೈದ್ಯರನ್ನೇ ಕೇಳಬೇಕು.

ಈಗ ಮೊದಲಿನ ಪ್ರಶ್ನೆಗೆ

ನಮ್ಮ ಭಾಗದ ಹೆಚ್ಚಿನವರು ಹನಫಿ ಮಸ್ಲಕ್‌ನವರು. ಮೂತ್ರ ನಿಲ್ಲದೆ ಬರುವವನನ್ನು ಹನಫಿ ಫಿಕ್‌ಹ್‌ನಲ್ಲಿ ‘ಮಾಝೂರ್’ ಎನ್ನುತ್ತಾರೆ, ಎಂದರೆ ವಿನಾಯಿತಿ ಇರುವವನು. ಒಂದು ಫರ್ಝ್ ನಮಾಝ್‌ನ ಪೂರ್ತಿ ಸಮಯದೊಳಗೆ ವುಝೂ ಮಾಡಿ ಫರ್ಝ್ ಮುಗಿಸುವಷ್ಟೂ ಬಿಡುವು ಸಿಗದಂತೆ ಹನಿಯುತ್ತಿದ್ದರೆ ಅವನು ಮಾಝೂರ್ ಆಗುತ್ತಾನೆ. ಆಮೇಲೆ ಪ್ರತಿ ನಮಾಝ್‌ನ ಸಮಯದಲ್ಲಿ ಒಮ್ಮೆಯಾದರೂ ಆ ತೊಂದರೆ ಕಾಣಿಸುತ್ತಿರುವವರೆಗೆ ಈ ವಿನಾಯಿತಿ ಮುಂದುವರಿಯುತ್ತದೆ. ಅಂಥವರು ಪ್ರತಿ ನಮಾಝ್‌ನ ಸಮಯಕ್ಕೆ ಹೊಸದಾಗಿ ವುಝೂ ಮಾಡಿಕೊಂಡರಾಯಿತು. ಆ ಸಮಯ ಮುಗಿಯುವವರೆಗೆ ಮೂತ್ರ ಬಂದರೂ ಅದರಿಂದ ವುಝೂ ಮುರಿಯುವುದಿಲ್ಲ. ಫರ್ಝ್, ಸುನ್ನತ್, ನಫಿಲ್, ಕುರ್‌ಆನ್ ಪಾರಾಯಣ ಎಲ್ಲವನ್ನೂ ಮಾಡಬಹುದು. ಸಮಯ ಮುಗಿದರೆ ವುಝೂವೂ ಮುಗಿಯಿತು. ಮಾಝೂರ್ ಆದವರು ಇತರರಿಗೆ ಇಮಾಮತ್ ಮಾಡುವಂತಿಲ್ಲ, ಹಿಂದೆ ನಿಂತು ಮಾಡಬಹುದು.

ನಮಾಝ್‌ಗೆ ಮೊದಲು ಚೀಲ ಖಾಲಿ ಮಾಡಿ, ತಿರುಪು ಬಿಗಿಯಾಗಿದೆಯೇ ನೋಡಿ, ಹೊರಗೆ ತಾಗಿದ್ದನ್ನು ತೊಳೆದುಕೊಳ್ಳಿ. ನಮ್ಮ ಕಡೆಯಿಂದ ಸೇರಿಸಬೇಕಾದದ್ದು ಇಷ್ಟು: ಸಜ್ದಾದಲ್ಲಿ ಸೊಂಟ ಮೇಲೆ ಹೋಗುವುದರಿಂದ ಕಾಲಿನ ಚೀಲದ ಮೂತ್ರ ಹಿಂದಕ್ಕೆ ಹರಿಯದಿರಲೆಂದು ಅದು ಖಾಲಿ ಇರುವುದು ಮುಖ್ಯ. ಹೊಲಿಗೆ ಹಸಿಯಾಗಿದ್ದರೆ ಬಗ್ಗುವುದೇ ಬೇಡ, ಕುಳಿತು ಸನ್ನೆಯಿಂದ ಮಾಡಲಿ. ಮೂಲವ್ಯಾಧಿಯಿಂದ ಬಳಲುತ್ತಿದ್ದ ಇಮ್ರಾನ್ ಬಿನ್ ಹುಸೈನ್(ರ) ಕೇಳಿದಾಗ, ನಿಲ್ಲಲಾಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಾಗಿ ಮಲಗಿ ಮಾಡುವಂತೆ ಪ್ರವಾದಿ(ಸ) ತಿಳಿಸಿದ್ದು ಬುಖಾರಿಯಲ್ಲಿದೆ. ಮಸೀದಿ ಕೊಳೆಯಾಗುವ ಭಯವಿಲ್ಲದಿದ್ದರೆ ಜಮಾಅತ್‌ಗೆ ಬರುವ ಬಗ್ಗೆ ನಿಮ್ಮ ಇಮಾಮರನ್ನು ಕೇಳಿ. ವೈಯಕ್ತಿಕ ಸ್ಥಿತಿಗೆ ತಕ್ಕ ಫತ್ವಾ ಕೊಡಬೇಕಾದವರು ಅವರು, ನಾವಲ್ಲ. ಜಮಾಅತ್ ಕಮಿಟಿಗಳಿಗೆ ಒಂದು ಮಾತು: ವುಝೂಖಾನೆಯ ಬಳಿ ಬಾಗಿಲಿರುವ ಒಂದು ಶೌಚಾಲಯ, ಅದರೊಳಗೆ ಒಂದು ಕೊಕ್ಕೆ, ಸಾಬೂನು, ಮುಚ್ಚಳವಿರುವ ಒಂದು ಕಸದ ಡಬ್ಬಿ ಇಟ್ಟರೆ ಎಷ್ಟೋ ಹಿರಿಯರು ಮರಳಿ ಬರುತ್ತಾರೆ. ಖರ್ಚು ಒಂದು ಸೀಲಿಂಗ್ ಫ್ಯಾನಿನಷ್ಟೂ ಆಗದು.

ಪೈಪು ತೆಗೆದ ಮೇಲೆ

ಪೈಪು ತೆಗೆದ ದಿನ ಸಂತೋಷ, ಮರುದಿನ ಸಂಕಟ. ಕೆಮ್ಮಿದರೆ, ಎದ್ದರೆ, ನಕ್ಕರೆ ಮೂತ್ರ ಸೋರುತ್ತದೆ. ಇದು ನಿರೀಕ್ಷಿತ. ಬಹಳಷ್ಟು ಜನರಿಗೆ ವಾರಗಳಲ್ಲಿ, ತಿಂಗಳುಗಳಲ್ಲಿ ಸುಧಾರಿಸುತ್ತದೆ. ಕೆಲವರಿಗೆ ಒಂದು ವರ್ಷ ಹಿಡಿಯುತ್ತದೆ. ಇದಕ್ಕೆ ವ್ಯಾಯಾಮವಿದೆ. ಸಭೆಯಲ್ಲಿ ಕುಳಿತಾಗ ಗಾಳಿ ಹೋಗದಂತೆ ಹೇಗೆ ಬಿಗಿಹಿಡಿಯುತ್ತೇವೋ ಹಾಗೆ ಆ ಸ್ನಾಯುವನ್ನು ಬಿಗಿಹಿಡಿದು ಐದು ಎಣಿಸುವವರೆಗೆ ಇಟ್ಟು ಬಿಡಬೇಕು. ಹತ್ತು ಸಲ, ದಿನಕ್ಕೆ ಮೂರು ಹೊತ್ತು; ಕ್ರಮೇಣ ಹತ್ತು ಎಣಿಸುವವರೆಗೆ. ಹೊಟ್ಟೆ, ತೊಡೆ, ಉಸಿರು ಬಿಗಿಹಿಡಿಯಬಾರದು. ಪೈಪು ಒಳಗಿರುವಾಗ ಮಾಡಬಾರದು. ಆಪರೇಷನ್‌ಗೆ ಮೊದಲೇ ಕಲಿತಿದ್ದರೆ ಇನ್ನೂ ಒಳ್ಳೆಯದು. ಔಷಧದ ಅಂಗಡಿಯಲ್ಲಿ ಗಂಡಸರ ಪ್ಯಾಡ್ ಸಿಗುತ್ತದೆ, ಇಲ್ಲದಿದ್ದರೆ ಹತ್ತಿಯ ಹಳೆ ಪಂಚೆ ಮಡಚಿ ಬಳಸಿ, ಒದ್ದೆಯಾದಂತೆ ಬದಲಿಸಿ.

ವಿಕಿರಣ ಚಿಕಿತ್ಸೆ ಪಡೆಯುವವರು ನಾಲ್ಕರಿಂದ ಎಂಟು ವಾರ, ವಾರಕ್ಕೆ ಐದು ದಿನ ಆಸ್ಪತ್ರೆಗೆ ಹೋಗಬೇಕು. ಊರಿನಿಂದ ದಿನಾ ಓಡಾಡುವುದು ಅಸಾಧ್ಯವಾದ್ದರಿಂದ ಅಲ್ಲಿಯೇ ಉಳಿಯುವ ವ್ಯವಸ್ಥೆ ಮೊದಲೇ ಆಗಲಿ. ಮಗ್ಗ ನಿಂತಿತೆಂದು ನಡುವೆ ಬಿಟ್ಟು ಬರಬೇಡಿ. ಮೂತ್ರಚೀಲ ತುಂಬಿ, ಮಲ ಖಾಲಿಯಾಗಿರಬೇಕು ಎಂದು ಅವರು ಹೇಳುವುದಕ್ಕೆ ಕಾರಣವಿದೆ: ಪಕ್ಕದ ಅಂಗಗಳಿಗೆ ಕಿರಣ ಕಡಿಮೆ ತಾಗುತ್ತದೆ. ಹೊರಗಿನಿಂದ ಕೊಡುವ ಕಿರಣ ರೋಗಿಯ ಮೈಯಲ್ಲಿ ಉಳಿಯುವುದಿಲ್ಲ. ಮನೆಗೆ ಬಂದ ಅಜ್ಜನಿಂದ ಮಕ್ಕಳನ್ನು ದೂರ ಇಡುವ ಅಗತ್ಯವೇ ಇಲ್ಲ.

ಹಾರ್ಮೋನ್ ಚಿಕಿತ್ಸೆಯಲ್ಲಿ ಗಂಡಸಿನ ಹಾರ್ಮೋನನ್ನು ತಡೆಯುತ್ತಾರೆ, ಅದು ಈ ಕ್ಯಾನ್ಸರಿನ ಆಹಾರ. ಇದನ್ನು 1941ರಲ್ಲಿ ತೋರಿಸಿಕೊಟ್ಟ ಚಾರ್ಲ್ಸ್ ಹಗ್ಗಿನ್ಸ್‌ರಿಗೆ 1966ರಲ್ಲಿ ನೊಬೆಲ್ ಬಂತು. ತಿಂಗಳಿಗೆ ಅಥವಾ ಮೂರು ತಿಂಗಳಿಗೆ ಒಂದು ಇಂಜೆಕ್ಷನ್, ಇಲ್ಲವೇ ವೃಷಣಗಳನ್ನು ತೆಗೆಯುವ ಒಂದೇ ಸಲದ ಸಣ್ಣ ಆಪರೇಷನ್. ಬಡವರಿಗೆ, ಪದೇ ಪದೇ ಬರಲಾಗದವರಿಗೆ ವೈದ್ಯರು ಎರಡನೆಯದನ್ನು ಸೂಚಿಸುವುದುಂಟು. ಅದು ಹರಾಮ್ ಅಲ್ಲವೇ ಎಂಬ ಪ್ರಶ್ನೆ ಬರುತ್ತದೆ. ಸುಮ್ಮನೆ ಮಾಡಿಸಿಕೊಳ್ಳುವುದು ಬೇರೆ, ಪ್ರಾಣಕ್ಕೆ ಬಂದ ರೋಗಕ್ಕೆ ಚಿಕಿತ್ಸೆಯಾಗಿ ಮಾಡಿಸುವುದು ಬೇರೆ. ಆಲಿಮರೊಬ್ಬರ ಬಳಿ ವೈದ್ಯರ ಚೀಟಿ ತೋರಿಸಿ ಕೇಳಿದರೆ ಮನಸ್ಸು ಹಗುರಾಗುತ್ತದೆ. ಇಂಜೆಕ್ಷನ್ ಆಯ್ದುಕೊಂಡವರು ದಿನಾಂಕ ತಪ್ಪಿಸಬಾರದು. ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಕಬ್ಬಿನ ಬಿಲ್ಲು ಬರಲಿ, ಈದ್ ಮುಗಿಯಲಿ ಎಂದು ಮುಂದೂಡಿದರೆ ರೋಗ ಕಾಯುವುದಿಲ್ಲ.

ಈ ಚಿಕಿತ್ಸೆಯಲ್ಲಿ ಮೈ ಬಿಸಿಯಾಗಿ ಬೆವರುವುದು, ಎದೆ ಊದುವುದು, ತೂಕ ಹೆಚ್ಚುವುದು, ಸಕ್ಕರೆ ಏರುವುದು, ಮೂಳೆ ಸವೆಯುವುದು, ಕಾರಣವಿಲ್ಲದೆ ಅಳು ಬರುವುದು ಎಲ್ಲವೂ ಸಾಧ್ಯ. ದಾಂಪತ್ಯದ ಆಸೆಯೂ ಶಕ್ತಿಯೂ ಕುಗ್ಗುತ್ತದೆ. ಶಸ್ತ್ರಚಿಕಿತ್ಸೆಯಿಂದಲೂ ಶಕ್ತಿ ಕುಗ್ಗಬಹುದು. ಇದನ್ನು ಹೆಂಡತಿಗೆ ಹೇಳಲೇಬೇಕು, ಸಾಧ್ಯವಾದರೆ ಚಿಕಿತ್ಸೆಗೆ ಮೊದಲೇ. ಎಷ್ಟೋ ತಾಯಂದಿರು ‘ಅವರು ನನ್ನ ಮೇಲೆ ಬೇಸರಗೊಂಡಿದ್ದಾರೆ’ ಎಂದು ತಿಳಿದು ಒಳಗೊಳಗೇ ನೊಂದಿರುತ್ತಾರೆ. ಔಷಧದ ಪರಿಣಾಮವೆಂದು ಗೊತ್ತಾದ ದಿನ ಅವರ ಮುಖವೇ ಬದಲಾಗುತ್ತದೆ. ದಿನಾ ಅರ್ಧ ತಾಸು ನಡಿಗೆ, ಬೆಳಗಿನ ಬಿಸಿಲು, ಹಾಲು, ರಾಗಿ, ವೈದ್ಯರು ಬರೆದ ಕ್ಯಾಲ್ಸಿಯಂ ಇರಲಿ. ಮೂಳೆಗೆಂದು ಝೋಲೆಡ್ರಾನಿಕ್ ಇಂಜೆಕ್ಷನ್ ಶುರುವಾಗುವ ಮೊದಲು ಹುಳುಕು ಹಲ್ಲು ತೋರಿಸಿಕೊಳ್ಳಿ. ಮನಸ್ಸು ಬಹಳ ಕುಗ್ಗಿದರೆ 14416ಕ್ಕೆ ಕರೆಮಾಡಿದರೆ ಟೆಲಿಮಾನಸ್‌ನಲ್ಲಿ ಮಾತಾಡಲು ಜನರಿದ್ದಾರೆ.

ರಮಝಾನ್ ಬಂತೆಂದರೆ ಕೆಲವರು ಯಾರನ್ನೂ ಕೇಳದೆ ಮಾತ್ರೆಯ ಹೊತ್ತು ಬದಲಿಸುತ್ತಾರೆ. ಅಬಿರಾಟೆರೋನ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲೇ ತೆಗೆದುಕೊಳ್ಳಬೇಕು, ಇಫ್ತಾರ್‌ನ ಊಟದ ಜೊತೆಗೆ ನುಂಗಿದರೆ ರಕ್ತದಲ್ಲಿ ಅದರ ಪ್ರಮಾಣ ವಿಪರೀತ ಏರುತ್ತದೆ. ಜೊತೆಗೆ ಕೊಡುವ ಪ್ರೆಡ್ನಿಸೋಲೋನ್ ಅನ್ನು ಒಮ್ಮೆಲೆ ನಿಲ್ಲಿಸಿದರೆ ಅಪಾಯ. ಪೈಪು ಇರುವವರು ಹಗಲಿಡೀ ನೀರು ಬಿಡುವುದೂ ಕಷ್ಟ. ರೋಗಿಗೆ ಕುರ್‌ಆನ್ ಕೊಟ್ಟಿರುವ ವಿನಾಯಿತಿ ಸ್ಪಷ್ಟವಾಗಿದೆ. ಗುಣವಾದ ಮೇಲೆ ಕಝಾ, ಗುಣವಾಗುವ ನಿರೀಕ್ಷೆ ಇಲ್ಲದಿದ್ದರೆ ಫಿದ್ಯಾ. ಶಾಬಾನ್ ತಿಂಗಳಲ್ಲೇ ವೈದ್ಯರ ಬಳಿ ಹೋಗಿ ಮಾತಾಡಿ.

ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಅದು ಇದು. ರೋಗ ಬೆನ್ನುಮೂಳೆಗೆ ಹಬ್ಬಿದವರಲ್ಲಿ ಬೆನ್ನುನೋವು ದಿಢೀರನೆ ಹೆಚ್ಚಿ, ಕಾಲು ಸೋಲತೊಡಗಿದರೆ, ಜೋಮು ಹಿಡಿದರೆ, ಚಪ್ಪಲಿ ಕಾಲಿಂದ ಜಾರಿದ್ದು ತಿಳಿಯದಿದ್ದರೆ, ಮೂತ್ರ-ಮಲದ ಹಿಡಿತ ತಪ್ಪಿದರೆ ಬೆನ್ನುಹುರಿ ಒತ್ತಿಹೋಗುತ್ತಿದೆ ಎಂದರ್ಥ. 108ಕ್ಕೆ ಕರೆಮಾಡಿ ಆ ದಿನವೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ನಡೆಯುತ್ತಿರುವಾಗಲೇ ಚಿಕಿತ್ಸೆ ಸಿಕ್ಕರೆ ನಡಿಗೆ ಉಳಿಯುತ್ತದೆ. ಕಾಲು ಪೂರ್ತಿ ನಿಂತು ಎರಡು ದಿನ ಕಳೆದ ಮೇಲೆ ಬಂದವರು ಮತ್ತೆ ನಡೆಯುವುದು ಅಪರೂಪ. ಇದನ್ನು ವಾಯು ಎಂದು ಎಣ್ಣೆ ತಿಕ್ಕಿಸುತ್ತ, ಮೂಳೆ ಕೂರಿಸುವವರ ಬಳಿ ಬೆನ್ನು ಎಳೆಸುತ್ತ ಕಳೆಯುವ ಒಂದೊಂದು ತಾಸೂ ನಷ್ಟ.

ನೋವಿಗೆ ಮಾರ್ಫಿನ್ ಮಾತ್ರೆ ಬರೆದರೆ ಮನೆಯವರು ಎರಡು ಕಾರಣಕ್ಕೆ ಹೆದರುತ್ತಾರೆ: ಅದು ನಶೆಯಲ್ಲವೇ, ಮತ್ತು ಇನ್ನು ಮುಗಿಯಿತೇ? ಕ್ಯಾನ್ಸರಿನ ನೋವಿಗೆ ವೈದ್ಯರು ಅಳತೆ ಮಾಡಿ ಕೊಡುವುದು ಚಿಕಿತ್ಸೆ, ಮತ್ತೇರಿಸಿಕೊಳ್ಳುವುದಕ್ಕಲ್ಲ. 2014ರಲ್ಲಿ ಕಾನೂನು ತಿದ್ದುಪಡಿಯಾದದ್ದೇ ಇಂಥ ರೋಗಿಗಳಿಗೆ ಅದು ಸುಲಭವಾಗಿ ಸಿಗಲೆಂದು. ಮಾರ್ಫಿನ್ ಶುರುವಾದರೆ ಸಾವು ಹತ್ತಿರವಾಯಿತೆಂದಲ್ಲ. ನೋವು ಇಳಿದ ಮೇಲೆ ಎದ್ದು ಕುಳಿತು ಫಜ್ರ್ ಮಾಡಿದವರನ್ನು ನಾವು ಕಂಡಿದ್ದೇವೆ. ಹೊತ್ತಿಗೆ ಸರಿಯಾಗಿ ಕೊಡಿ, ನೋವು ಬಂದ ಮೇಲೆ ಅಲ್ಲ. ಜೊತೆಗೆ ಮಲ ಸಡಿಲವಾಗುವ ಔಷಧ ತಪ್ಪದೆ ಇರಲಿ.

ಮಕ್ಕಳು ತಂದೆಗೆ ರೋಗದ ಹೆಸರೇ ಹೇಳದಂತೆ ನಮ್ಮ ಬಾಯಿ ಕಟ್ಟುತ್ತಾರೆ. ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ, ಗೊತ್ತು. ಆದರೆ ಸಾಲ ತೀರಿಸುವುದು, ವಸಿಯ್ಯತ್ ಬರೆಯುವುದು, ಯಾರನ್ನೋ ಕ್ಷಮಿಸುವುದು, ಯಾರ ಬಳಿಯೋ ಕ್ಷಮೆ ಕೇಳುವುದು ಅವರಿಗೂ ಇರುತ್ತದಲ್ಲವೇ? ಅಬ್ಬಾ ತಾವೇ ಕೇಳಿದಾಗ ಸುಳ್ಳು ಹೇಳಬೇಡಿ. ‘ಎಷ್ಟು ತಿಳಿಯಬೇಕು ಅಂತೀರಿ?’ ಎಂದು ಕೇಳಿ, ಅವರು ಕೇಳಿದಷ್ಟನ್ನು ಹೇಳಿ.

ಹಾಸಿಗೆ ಹಿಡಿದವರನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ. ಬೆನ್ನ ಕೆಳಗೆ, ಹಿಮ್ಮಡಿಯಲ್ಲಿ ಕೆಂಪಾದರೆ ಉಜ್ಜಬೇಡಿ, ಆ ಜಾಗಕ್ಕೆ ಭಾರ ಬೀಳದಂತೆ ಮಾಡಿ. ಬಾಯಿ ಒಣಗಿದಾಗ ಒದ್ದೆ ಬಟ್ಟೆಯಿಂದ ತುಟಿ ಒರೆಸಿ. ಈ ಕೆಲಸ ಸೊಸೆಯಂದಿರ ಮೇಲೆಯೇ ಬೀಳುತ್ತದೆ, ಆದರೆ ತಂದೆಯ ಸತ್ರ್‌ನ ಶುಶ್ರೂಷೆ ಗಂಡುಮಕ್ಕಳಿಗೂ ಹೆಂಡತಿಗೂ ಸೇರಿದ್ದು. ಕೈಗವಸು ಹಾಕಿಕೊಂಡು ಮಾಡಲು ಗಂಡುಮಕ್ಕಳಿಗೆ ಅರ್ಧ ತಾಸಿನಲ್ಲಿ ನಾವು ಕಲಿಸಿಕೊಡುತ್ತೇವೆ. ಶುಶ್ರೂಷೆ ಕೀಳು ಕೆಲಸವೆಂಬ ಭಾವನೆ ನಮ್ಮ ಸಂಪ್ರದಾಯದ್ದಲ್ಲ: ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ) ಅವರನ್ನು ಮಸೀದಿಯ ಆವರಣದಲ್ಲಿದ್ದ ರುಫೈದಾ(ರ) ಅವರ ಡೇರೆಯಲ್ಲೇ ಆರೈಕೆಗೆ ಇರಿಸಲಾಗಿತ್ತು.

ಸಂದರ್ಶಿಸಲು ಹೋಗುವವರು ಸ್ವಲ್ಪ ಹೊತ್ತು ಕುಳಿತು ದುಆ ಮಾಡಿ ಏಳಿ. ಚೀಲವನ್ನು ದಿಟ್ಟಿಸಬೇಡಿ, ‘ನಮ್ಮ ಚಾಚಾಗೂ ಇದೇ ಆಗಿತ್ತು, ಆರು ತಿಂಗಳಲ್ಲಿ ಹೋದರು’ ಎನ್ನಬೇಡಿ. ರೋಗಿಯ ಮಗನಿಗೆ ಒಂದು ದಿನ ಬಿಡುವು ಕೊಟ್ಟು ಅವರನ್ನು ತಪಾಸಣೆಗೆ ಕರೆದೊಯ್ಯಲು ಸಾಧ್ಯವೇ ಎಂದು ಕೇಳಿ. ಹಳೆಯ ರಿಪೋರ್ಟುಗಳೆಲ್ಲ, ಪಿಎಸ್‌ಎ ಅಂಕಿಗಳು ದಿನಾಂಕದ ಕ್ರಮದಲ್ಲಿ, ಬಯಾಪ್ಸಿ ಚೀಟಿ, ಕಾರ್ಡುಗಳು ಒಂದೇ ಪ್ಲಾಸ್ಟಿಕ್ ಚೀಲದಲ್ಲಿರಲಿ. ಆಪರೇಷನ್ ಆಗಿ ವರ್ಷಗಳೇ ಕಳೆದಿದ್ದರೂ ಪಿಎಸ್‌ಎ ಪರೀಕ್ಷೆ ವೈದ್ಯರು ಹೇಳಿದ ತಿಂಗಳಿಗೆ ಆಗಬೇಕು. ಆ ಚೀಲ ಹಿಡಿದು ಬಂದವರನ್ನು ನೋಡಲು ವೈದ್ಯರಿಗೆ ಐದು ನಿಮಿಷ ಸಾಕು, ಬರಿಗೈಯಲ್ಲಿ ಬಂದವರಿಗೆ ಎಲ್ಲ ಪರೀಕ್ಷೆಗಳೂ ಮತ್ತೆ ಮೊದಲಿನಿಂದ.